ಒಂದು ಹಿಡಿ ಕರಿಜೀರಿಗೆ

ಭಾನುವಾರ ಬೆಳಿಗ್ಗೆ ದೆಹಲಿಯ ಲೋಧಿ ಕಾಲೋನಿ ಮಾರ್ಕೆಟ್ಟಿನ ಗ್ರಂಧಿಗೆ ಅಂಗಡಿಯಲ್ಲಿ ಪದ್ಮಾಗೆ ಬೇಕಾಗಿದ್ದು ಕರಿಜೀರಿಗೆ. ಮಗಳು ಇಂಚರಾ ಮನೆಯಲ್ಲೇ ನಾನ್ ಮಾಡುವ ಹುಕಿಯಲ್ಲಿದ್ದಳು.

"ಭಯ್ಯಾ, ಕಾಲೀ ಜೀರಿ ಪಚಾಸ್ ಗ್ರಾಮ್."

ಅಂಗಡಿಯವನು ಕಂದು ಬಣ್ಣದ ಸಣ್ಣ ಬೀಜ ತೂಗಿದ. "ಹೊಟ್ಟೆಹುಳಕ್ಕಾ, ಮೇಡಮ್? ಜಾಸ್ತಿ ತಗೋಬೇಡಿ, ದಿನವೆಲ್ಲ ಬಾತ್‌ರೂಮಿನಲ್ಲೇ ಕೂರಬೇಕಾಗುತ್ತೆ."

"ಇದಲ್ಲ. ಕಪ್ಪಗಿರುತ್ತಲ್ಲ, ನಾನ್ ಮೇಲೆ ಉದುರಿಸೋದು."

"ಅರೇ, ಅದು ಕಲೌಂಜಿ! ಇದನ್ನ ಹಾಕಿ ನಾನ್ ಮಾಡಿದರೆ ನೆಂಟರು ಮತ್ತೆ ನಿಮ್ಮ ಮನೆ ಕಡೆ ತಲೆ ಹಾಕಲ್ಲ."

ಅವನು ನಕ್ಕ. ಪದ್ಮಾ ಫೋನ್ ತೆಗೆದಳು. ಗಂಟೆಯ ಹಿಂದಷ್ಟೇ ಕಾಲೀ ಜೀರಿ ಎಂಬ ಇದೇ ಹೆಸರನ್ನು ಅವಳು ಫರೀದಾಬಾದಿನ ಮನೋಜನಿಗೆ ಹೇಳಿದ್ದಳು.

ಜಾನುವಾರುಗಳ ನಾಟಿ ಔಷಧಿಗಳನ್ನು ದಾಖಲಿಸುವುದು ಪದ್ಮಾಳ ಸರ್ಕಾರಿ ಕೆಲಸ. ಮನೋಜನಿಗೆ ಆರು ಎಮ್ಮೆಗಳು. ಕಳೆದ ವರ್ಷ ಒಂದಕ್ಕೆ ಕೆಚ್ಚಲು ಬಾವು ಬಂದಾಗ ಅವಳು ಹೇಳಿದ ಲೋಳೆಸರ, ಅರಿಶಿನ, ಸುಣ್ಣದ ಲೇಪ ಕೆಲಸ ಮಾಡಿತ್ತು. ಅಂದಿನಿಂದ ಅವಳ ಮಾತೆಂದರೆ ಅವನಿಗೆ ಕಲ್ಲಿನ ಮೇಲಿನ ಗೆರೆ. ಈ ಬೆಳಿಗ್ಗೆ ಒಂಬತ್ತು ತಿಂಗಳ ಗಬ್ಬದ ಎಮ್ಮೆಗೆ ಹೊಟ್ಟೆ ಉಬ್ಬರಿಸಿತ್ತು, ಮೆಲುಕು ನಿಂತಿತ್ತು. ಪಶುವೈದ್ಯರು ಬರುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಏನು ಕೊಡಲಿ ಎಂದು ಅವನು ಕೇಳಿದಾಗ, ಪದ್ಮಾಗೆ ತಿಪಟೂರಿನ ನಾಟಿವೈದ್ಯೆ ಇಂದಿರಮ್ಮ ಬರೆಸಿದ್ದು ನೆನಪಾಗಿತ್ತು: ಒಂದು ಹಿಡಿ ಕರಿಜೀರಿಗೆ, ಶುಂಠಿ, ಬೆಲ್ಲ. 'ಕರಿ'ಗೆ 'ಕಾಲೀ', 'ಜೀರಿಗೆ'ಗೆ 'ಜೀರಿ'. ಬಾಯಿ ತಾನಾಗಿ ಅನುವಾದಿಸಿಬಿಟ್ಟಿತ್ತು. ಲ್ಯಾಟಿನ್ ಹೆಸರಿಲ್ಲದೆ ಅವಳ ಕಡತಕ್ಕೆ ಒಂದು ಗಿಡವೂ ಸೇರುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ಆ ಎಚ್ಚರ ತಪ್ಪಿತ್ತು. ಕರಿಜೀರಿಗೆಗೆ ಹಿಂದಿಯಲ್ಲಿ ಕಲೌಂಜಿ; ಕಾಲೀ ಜೀರಿ ಬೇರೆಯೇ ಗಿಡ. ಕಡು ಕಹಿ, ಹೊಟ್ಟೆ ಜಾಡಿಸುವ ಬೀಜ. ಗಬ್ಬದ ಪ್ರಾಣಿಗೆ ಕೊಡಬೇಡಿ ಎಂದು ಅದನ್ನು ಬಲ್ಲವರೆಲ್ಲ ಅವಳಿಗೆ ಹೇಳಿದ್ದರು, ಅವಳೇ ಬರೆದುಕೊಂಡಿದ್ದಳು.

ಮನೋಜನ ಫೋನ್ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಫರೀದಾಬಾದಿನ ಮೆಟ್ರೋದಲ್ಲಿ, ಜೊತೆಗೆ ಹೊರಟಿದ್ದ ಇಂಚರಾ ಹದಿನೇಳನೇ ಸಲ ಅವನ ನಂಬರ್ ಒತ್ತಿದಳು. "ಅಮ್ಮಾ, ರಿಲ್ಯಾಕ್ಸ್. ಹೊಟ್ಟೆಗೆ ಸ್ವಲ್ಪ ಹೋದ್ರೆ ಕುಛ್ ನಹೀಂ ಹೋಗಾ, ಏನೂ ಆಗಲ್ಲ."

"ಸ್ವಲ್ಪ ಅಲ್ವೇ. ಒಂದು ಹಿಡಿ ಅಂದಿದೀನಿ."

"ಯಾರ ಹಿಡಿ? ನಿಂದಾ, ಮನೋಜ್ ಭಯ್ಯಾಂದಾ?"

ಪದ್ಮಾ ತನ್ನ ಅಂಗೈ ನೋಡಿಕೊಂಡಳು. ಮನೋಜನ ಅಂಗೈ ರೊಟ್ಟಿ ತಟ್ಟೆಯಷ್ಟಿತ್ತು. ಬದರಪುರ ದಾಟಿದ ಮೇಲೆ ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲು ಬೇಕೆಂದೇ ನಿಧಾನವಾಗಿ ಮುಚ್ಚಿದಂತೆ ಅನ್ನಿಸಿತು.

ಹಟ್ಟಿಯ ಹೊರಗೇ ಜಗಳ ಕೇಳಿಸಿತು. ಮನೋಜನ ಕೈಯಲ್ಲಿ ಔಷಧಿ ಕುಡಿಸುವ ಬಿದಿರಿನ ಗೊಟ್ಟ. ಅವನ ತಾಯಿ ಎಮ್ಮೆಯ ಕೊರಳು ತಬ್ಬಿ ಅಡ್ಡ ನಿಂತಿದ್ದಳು.

"ಮೇಡಮ್, ನೀವೇ ಹೇಳಿ ಈ ಮುದುಕಿಗೆ!" ಮನೋಜ ಕೂಗಿದ. "ಒಂದು ಗೊಟ್ಟ ಹಾಕಿದೆ, ಇನ್ನೊಂದು ಹಾಕೋಕೆ ಬಿಡ್ತಾ ಇಲ್ಲ."

"ಗಬ್ಬದ ಎಮ್ಮೆಗೆ ಕಾಲೀ ಜೀರಿ ಕೊಡೋಕೆ ಯಾವ ಮೇಡಮ್ ಹೇಳ್ತಾಳೆ?" ಮುದುಕಿ ಗದರಿದಳು. "ನಿನ್ನ ಕಿವೀಲಿ ಹೊಟ್ಟು ತುಂಬಿದೆ."

"ನಿಲ್ಲಿಸಿ. ಕೊಡಬೇಡಿ," ಎಂದಳು ಪದ್ಮಾ ಏದುಸಿರಿನಲ್ಲಿ. "ಅದು ಕಲೌಂಜಿ ಆಗಬೇಕಿತ್ತು."

ಮನೋಜ ಗೊಟ್ಟ ಕೆಳಗಿಳಿಸಿದ. ಕ್ಷಣಕಾಲ ಅವಳ ಮುಖ ನೋಡಿ, ಮೆಲ್ಲಗೆ, "ನಾನೇ ತಪ್ಪು ಕೇಳಿಸಿಕೊಂಡೆ ಅನ್ಸುತ್ತೆ, ಅಮ್ಮಾ," ಎಂದು ತಾಯಿಗೆ ಹೇಳಿದ.

ಎಷ್ಟು ಸಲೀಸಾದ ದಾರಿ. ಪದ್ಮಾ ಸುಮ್ಮನಿದ್ದರೆ ಸಾಕಿತ್ತು.

"ಇಲ್ಲ ಅಮ್ಮಾಜಿ. ಅವನು ಸರಿಯಾಗೇ ಕೇಳಿಸಿಕೊಂಡ. ನಾನು ತಪ್ಪು ಹೇಳಿದೆ."

ಮುದುಕಿ ಎಮ್ಮೆಯ ಕಡೆ ಮುಖ ತಿರುಗಿಸಿದಳು. ಪದ್ಮಾ ಪಶುವೈದ್ಯರಿಗೆ ಫೋನ್ ಮಾಡಿ ಯಾವ ಬೀಜ, ಎಷ್ಟು, ಎಷ್ಟು ಹೊತ್ತಾಯಿತು ಎಂದು ಒಂದೊಂದಾಗಿ ಹೇಳಿದಳು. ತನ್ನದೇ ತಪ್ಪೆಂಬುದನ್ನೂ ಸೇರಿಸಿದಳು. ಅವರು ಅರ್ಧ ಗಂಟೆಯಲ್ಲಿ ಬಂದರು. ಎಮ್ಮೆ ಅಷ್ಟರಲ್ಲಿ ಮೂರು ಸಲ ನೀರಾಗಿ ಸಗಣಿ ಹಾಕಿತ್ತು, ಹಿಂಗಾಲು ನಡುಗುತ್ತಿದ್ದವು. ವೈದ್ಯರು ನಳಿಗೆ ಇಳಿಸಿ ಗಾಳಿ ತೆಗೆದರು, ಬಾಟಲಿ ಏರಿಸಿದರು, ಬಲ ಪಕ್ಕೆಗೆ ಮುಷ್ಟಿ ಒತ್ತಿ ಬಹಳ ಹೊತ್ತು ಕಾದರು.

"ಕರು ಮಿಸುಕಾಡ್ತಾ ಇಲ್ಲ. ಸುಸ್ತಾಗಿರಬಹುದು. ಸಂಜೆವರೆಗೆ ನೋಡಬೇಕು," ಎಂದರು.

ಮುದುಕಿ ಪದ್ಮಾಳ ಮಣಿಕಟ್ಟು ಹಿಡಿದೆಳೆದು, ಅಂಗೈಯನ್ನು ಎಮ್ಮೆಯ ಪಕ್ಕೆಗೆ ಒತ್ತಿದಳು. "ಇಲ್ಲೇ ನಿಂತಿರು."

ಪದ್ಮಾ ನಿಂತಳು. ಗಂಟೆ ಒಂದಾಯಿತು, ಎರಡಾಯಿತು. ಇಂಚರಾ ನೀರು ತಂದರೆ ಎಡಗೈಯಲ್ಲೇ ಕುಡಿದಳು. ಚರ್ಮದಡಿ ಹೊಟ್ಟೆಯ ಗುಡುಗುಡು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರರ ಹೊತ್ತಿಗೆ ಎಮ್ಮೆ ಉದ್ದಕ್ಕೆ ತೇಗಿ, ಬಾಯಿ ಆಡಿಸತೊಡಗಿತು. ಮೆಲುಕು. ಆದರೂ ಅಂಗೈಯಡಿ ಮೌನ.

ನಾಲ್ಕಕ್ಕೆ ಸ್ವಲ್ಪ ಮುಂಚೆ ಗಟ್ಟಿಯಾದದ್ದೊಂದು ಒಳಗಿನಿಂದ ಅವಳ ಕೈಯನ್ನು ತಳ್ಳಿತು. ಮತ್ತೆ ತಳ್ಳಿತು.

"ಒದೀತು! ಒದೀತು ಕಣೇ!" ಪದ್ಮಾ ಕನ್ನಡದಲ್ಲೇ ಕಿರುಚಿದಳು. ಆಮೇಲೆ ಮುದುಕಿಯ ಕಡೆ ತಿರುಗಿ ಹಿಂದಿಯ ಪದಕ್ಕೆ ತಡಕಾಡಿದಳು.

"ನಿನ್ನ ಹಿಂದಿ ಬೇಡ ಮಾರಾಯ್ತಿ," ಎಂದಳು ಮುದುಕಿ. "ಎಲ್ಲಿ, ತೋರಿಸು ಸಾಕು." ತನ್ನ ಒರಟು ಕೈಯನ್ನು ತಂದು ಅವಳ ಕೈಯ ಪಕ್ಕದಲ್ಲಿಟ್ಟಳು.