ಯುದ್ಧವಿಮಾನದೊಳಗೆ ಕತ್ತರಿಯ ಮೂತಿ

ಆ ಯುದ್ಧವಿಮಾನವನ್ನು ಕಟ್ಟಿದವಳು ನಾನೇ. ಸರಿ, ಅರ್ಧ ಸುಳ್ಳು. ರೆಕ್ಕೆ, ಎಂಜಿನ್ನು ಬೇರೆಯವರದು. ಅದರ ಹೊಟ್ಟೆಯೊಳಗಿನ ವೈರುಗಳನ್ನು ಮೇಣದ ದಾರದಲ್ಲಿ ಕಂತೆಕಂತೆಯಾಗಿ ಬಿಗಿದವಳು ಮಾತ್ರ ನಾನು. ಗಂಡ ಹೋದಮೇಲೆ ಸೇರಿದ ಕೆಲಸ, ಈ ಕತೆ ನಡೆದಾಗ ಸೇರಿ ಹದಿನೆಂಟು ವರ್ಷವಾಗಿತ್ತು. ಓದಿದ್ದು ಮೂರನೇ ಕ್ಲಾಸು. ಹಾಕಿದ ಗಂಟುಗಳ ದಾರ ಬಿಚ್ಚಿದರೆ ಭೂಮಿಗೆ ಏಳು ಸುತ್ತು.

ಅದು ಅಂತಿಂಥ ವಿಮಾನವಲ್ಲ. ಆಕಾಶದಲ್ಲಿ ಶತ್ರುವನ್ನು ಅಟ್ಟಿಸಿಕೊಂಡು ಹೋಗುತ್ತಲೇ ನೆಲದ ಮೇಲಿನ ಗುರಿಯ ಮೇಲೂ ಕಣ್ಣಿಟ್ಟಿರುತ್ತದೆ. ಮೊದಲು ಒಂದೊಂದು ಕೆಲಸಕ್ಕೆ ಒಂದೊಂದು ವಿಮಾನ ಬೇಕಿತ್ತು. ಇದು ಇಬ್ಬರು ಸೊಸೆಯರ ಕೆಲಸ ಮಾಡುವ ಒಬ್ಬಳೇ ಸೊಸೆ. ಚುರುಕು ಎಷ್ಟೆಂದರೆ, ಕಂಪ್ಯೂಟರು ಕ್ಷಣಕ್ಷಣಕ್ಕೂ ಸಂಭಾಳಿಸದಿದ್ದರೆ ನೆಟ್ಟಗೆ ಹಾರುವುದೇ ಇಲ್ಲ. ಪೈಲಟ್ ಕೋಲು ಅಲುಗಿಸಿದರೆ ಆ ಮಾತು ಬಾಲಕ್ಕೆ ಮುಟ್ಟುವುದು ನಾನು ಬಿಗಿದ ವೈರುಗಳಲ್ಲೇ.

ಪೈಲಟ್ ಯಾರೆಂದುಕೊಂಡಿರಿ? ನನ್ನ ಸೊಸೆ. ನನ್ನ ಮಗ ಸ್ಟೂಲು ಹತ್ತಿದರೂ ತಲೆ ತಿರುಗಿ ಕೂರುವವನು; ಅವನ ಹೆಂಡತಿ ಮೋಡಕ್ಕಿಂತ ಮೇಲೆ ಓಡಾಡುವವಳು. ಒಂದೇ ಹಾರಾಟದಲ್ಲಿ ಎರಡೂ ಕೆಲಸ ಮಾಡಿ ತೋರಿಸುವ ಪರೀಕ್ಷೆಗಾಗಿ ಆರು ವರ್ಷ ಕಾದಿದ್ದಳು. ಶತ್ರುವಿನ ಪಾತ್ರ ಮಾಡಲು ಬೇರೆ ನೆಲೆಯಿಂದ ಬಂದಿದ್ದ ವಿಮಾನ ಸಂಜೆ ನಾಲ್ಕಕ್ಕೆ ವಾಪಸು. ಅಷ್ಟರೊಳಗೆ ಆಗದಿದ್ದರೆ ಅವಕಾಶ ಇನ್ನೊಬ್ಬ ಪೈಲಟ್‌ಗೆ.

ನಮ್ಮ ಶೆಡ್ಡಿನ ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಹಳದಿ ಬಣ್ಣದಲ್ಲಿ ಬಳಿದಿರುತ್ತಾರೆ. ಕೆಲಸ ಮುಗಿಸಿ ತೂಗುಹಾಕಿದಾಗ ಹಳದಿ ಪೂರ್ತಿ ಮುಚ್ಚಬೇಕು. ಚೂರು ಕಂಡರೂ ವಿಮಾನ ಹೊರಡುವಂತಿಲ್ಲ. ಅವತ್ತು ಬೆಳಿಗ್ಗೆ ಕೊನೆಯ ಕಂತೆ ಬಿಗಿದು ಕತ್ತರಿ ತೂಗುಹಾಕಿದೆ. ವಿಮಾನದ ಹೊಟ್ಟೆಗೆ ಮುಚ್ಚಳ ಹಾಕಿದರು. ಸೊಸೆ ಏಣಿ ಹತ್ತಿ ಕೂತಳು. ಸುಮ್ಮನೆ ಹಲಗೆ ಕಡೆ ತಿರುಗಿದೆ; ಕತ್ತರಿಯ ಮೂತಿಯ ಕೆಳಗೆ ಎಳ್ಳಿನಷ್ಟು ಹಳದಿ.

ಮೂತಿಯ ತುದಿ ಮುರಿದಿತ್ತು. ವೈರುಗಳನ್ನು ಹಿಡಿದಿಡುವ ಬಿಗಿಯಾದ ಕ್ಲಿಪ್ಪನ್ನು ಮರದ ಕಡ್ಡಿಯಿಂದ ಮೀಟಬೇಕಿತ್ತು. ಕಡ್ಡಿ ತರಲು ಎದ್ದು ಹೋಗುವ ಸೋಮಾರಿತನಕ್ಕೆ ಕತ್ತರಿಯಲ್ಲೇ ಮೀಟಿದ್ದೆ. ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ವಿಮಾನ ಹಾರುತ್ತಿತ್ತು. ಆದರೆ ಆ ಎಳ್ಳು ಗಾತ್ರದ ಉಕ್ಕು ಎರಡು ವೈರುಗಳ ನಡುವೆ ಕೂತರೆ?

"ನಿಲ್ಸಪ್ಪಾ," ಎಂದೆ.

"ಯಾಕಮ್ಮ, ಸೊಸೆ ಮೇಲೆ ಹೋಗೋದು ನೋಡಕ್ಕೆ ಹೊಟ್ಟೆಕಿಚ್ಚಾ?" ಎಂದ ನಮ್ಮ ಶೆಡ್ಡಿನ ಮೇಸ್ತ್ರಿ.

"ನನ್ನ ಕತ್ತರಿ ಮೂತಿ ಮುರಿದಿದೆ. ಕ್ಲಿಪ್ ಮೀಟಿದ್ದೆ. ಚೂರು ಒಳಗಡೆನೇ ಇದೆ."

ಅವನ ನಗು ಅಲ್ಲೇ ಒಣಗಿತು. ಸೊಸೆ ಇಳಿದು ಬಂದಳು. "ಅತ್ತೆ, ಇವತ್ತೇ ಆಗ್ಬೇಕಿತ್ತಾ ಇದು?"

"ಬೈಯೋದು ಆಮೇಲೆ ಇಟ್ಕೋ. ಈಗ ಟಾರ್ಚ್ ಹಿಡಿ."

ಮುಚ್ಚಳ ಬಿಚ್ಚಿದರು. ಉದ್ದ ಕಡ್ಡಿಗೆ ಕಟ್ಟಿದ ಕನ್ನಡಿ, ಅಯಸ್ಕಾಂತ ಎಲ್ಲ ಒಳಗೆ ಹೋಗಿ ಬರಿಗೈಯಲ್ಲಿ ಬಂದವು. ಹನ್ನೆರಡಾಯಿತು, ಒಂದಾಯಿತು. ಸೊಸೆ ಗಡಿಯಾರ ನೋಡುವುದನ್ನೇ ಬಿಟ್ಟಳು. ಕೊನೆಗೆ ನಾನೇ ಮಲಗಿ, ಭುಜದವರೆಗೆ ಕೈ ತೂರಿಸಿ, ಗಂಟುಗಳನ್ನು ಒಂದೊಂದಾಗಿ ಸವರಿದೆ. ನಾಲ್ಕನೆಯ ಗಂಟಿನ ಮೇಣದಲ್ಲಿ ಬೆರಳಿಗೆ ಚುಚ್ಚಿತು. ಅಷ್ಟು ಖುಷಿಯಾಗಿ ನಾನು ಯಾವತ್ತೂ ರಕ್ತ ಸುರಿಸಿಲ್ಲ.

ಮೇಸ್ತ್ರಿ ಭೂತಗನ್ನಡಿ ಹಿಡಿದು ಚೂರನ್ನು ಕತ್ತರಿಗೆ ಜೋಡಿಸಿದ. ಸರಿಯಾಗಿ ಕೂತಿತು. ವೈರುಗಳನ್ನು ಪರೀಕ್ಷಿಸಿದರು, ನಾನು ಗಂಟನ್ನು ಹೊಸದಾಗಿ ಹಾಕಿದೆ. ಎರಡೂವರೆಗೆ ವಿಮಾನ ಎದ್ದಿತು. ಆ ಸದ್ದಿಗೆ ನನ್ನ ಉಳಿದ ನಾಲ್ಕು ಹಲ್ಲೂ ಕುಣಿದವು.

ಕಂಟ್ರೋಲ್ ರೂಮಿನ ಪರದೆಯಲ್ಲಿ ನೋಡಿದೆವು. ಎದುರಾಳಿ ಅವಳ ಬೆನ್ನು ಹತ್ತಿದ್ದ. ಇವಳು ಗಕ್ಕನೆ ಹೊರಳಿ ಅವನ ಹಿಂದೆ ಬಂದು, ಅವನನ್ನು ಗುರಿಯಲ್ಲಿ ಕಟ್ಟಿಹಾಕಿ, ಅದೇ ಉಸಿರಿನಲ್ಲಿ ಸಿಮೆಂಟು ತುಂಬಿದ ಅಭ್ಯಾಸದ ಬಾಂಬನ್ನು ನೆಲದ ಸುಣ್ಣದ ವೃತ್ತದ ನಟ್ಟನಡುವೆ ಇಳಿಸಿದಳು. "ಎರಡೂ ಆಯ್ತು," ಎಂದಿತು ರೇಡಿಯೋ. ನಾನು ಮೇಸ್ತ್ರಿಯನ್ನು ತಬ್ಬಿಕೊಂಡೆ. ಪಾಪ, ಅವನ ಪಕ್ಕೆಲುಬು ಇನ್ನೂ ನೋಯುತ್ತಿರಬೇಕು.

ಇಳಿದವಳು ಕೈಕುಲುಕಲು ನಿಂತ ಸಾಹೇಬರನ್ನೆಲ್ಲ ದಾಟಿ ನೇರ ನಮ್ಮ ಕಡೆ ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಮೇಸ್ತ್ರಿ ಹೊಸ ಕತ್ತರಿ ಹಿಡಿದು ನಿಂತಿದ್ದ.

"ಹಾರೋಳು ನೀನಮ್ಮ, ನೀನೇ ಹೇಳು. ಮುಂದಿನ ವಿಮಾನಕ್ಕೆ ನಿಮ್ಮತ್ತೆ ಕೈಗೆ ಕತ್ತರಿ ಕೊಡ್ಲಾ, ಬೇಡ್ವಾ?"

ಸೊಸೆ ನನ್ನ ಮುಖ ನೋಡಿದಳು, ಚುಚ್ಚಿದ ಬೆರಳು ನೋಡಿದಳು, ಅವನ ಕೈಯಿಂದ ಕತ್ತರಿ ಕಿತ್ತುಕೊಂಡಳು. ಏನು ಮಾಡಿರಬಹುದು? ಹೂಂ, ನೀವೇ ಹೇಳಿ ನೋಡೋಣ.