ಮೊದಲೇ ಕಳಿಸಿದ ಪಾಠಗಳು

ಕೇಳಿದ್ದಕ್ಕಿಂತ ಹೆಚ್ಚು ಮಾಡಿ ತೋರಿಸುವುದು ನಮ್ಮ ಟೀಚರ್ ಕುಲಕ್ಕೆ ಅಂಟಿದ ರೋಗ. ಒಂದು ತಿಂಗಳ ಪಾಠಯೋಜನೆ ಕಳಿಸಿ ನೋಡೋಣ ಎಂದು ಕೆಲಸಕ್ಕೆ ಅರ್ಜಿ ಹಾಕಿದ್ದ ಪರದೇಶದ ಶಾಲೆಯ ನಿರ್ದೇಶಕಿ ಕೇಳಿದಾಗ ನಾನು ಇಡೀ ವರ್ಷದ್ದನ್ನು ಕಳಿಸಿದೆ. ಆರನೇ ತರಗತಿಯ ಗಣಿತ, ಮೊದಲ ದಿನದಿಂದ ಕೊನೆಯ ಪರೀಕ್ಷೆಯವರೆಗೆ. ಪ್ರಶ್ನೆಪತ್ರಿಕೆ, ಉತ್ತರ, ಆಟ, ಗೋಡೆಗೆ ಹಚ್ಚುವ ಚಾರ್ಟು, ಯಾವ ಲೆಕ್ಕದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಎಡವಿದಾಗ ಏನು ಹೇಳಬೇಕು, ಬರೆಯಲು ಬರುವ ಒಂದನ್ನೂ ಬಿಡಲಿಲ್ಲ. ಇಷ್ಟು ವರ್ಷ ಗಂಟಲು ಹರಿದುಕೊಂಡು ಕಲಿತದ್ದನ್ನೆಲ್ಲ ಬೆರಳು ಒತ್ತಿ ಕಳಿಸಿಬಿಟ್ಟೆ. ಎಷ್ಟು ಅಚ್ಚುಕಟ್ಟು ಟೀಚರ್ ನೀವು, ಕೆಲಸ ನಿಮ್ಮದೇ ಎಂದು ಆಕೆ ಫೋನಿನಲ್ಲಿ ಹೊಗಳಿದಾಗ ಉಬ್ಬಿಹೋದೆ. ಅತ್ತೆಯ ಮುಂದೆಯೂ ಜಂಬ ಕೊಚ್ಚಿಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಾನು ಹೊರಟದ್ದು ಸಂಬಳದ ಆಸೆಗಲ್ಲ. ನನ್ನ ಗಂಡ ಅದೇ ಊರಿನ ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತ ಆರು ವರ್ಷವಾಗಿತ್ತು. ಅವರ ದರ್ಜೆಯ ಕೆಲಸದವರಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ಸಿಗುವುದಿಲ್ಲ. ಶಾಲೆಯ ಶಿಕ್ಷಕಿಯಾದರೆ ನನ್ನ ವೀಸಾ ನನ್ನದೇ. ಗಂಡನ ಜೊತೆ ಒಂದು ಮನೆ ಹಿಡಿಯಬಹುದು, ಆಮೇಲೆ ಮಗಳನ್ನೂ ಕರೆಸಿಕೊಳ್ಳಬಹುದು. ನಮ್ಮ ಮಗಳನ್ನು ಅಪ್ಪ ಎಲ್ಲಿ ಎಂದು ಕೇಳಿದರೆ ಫೋನಿನ ಕಡೆ ಕೈ ತೋರಿಸುತ್ತಾಳೆ. ನನಗೆ ಬೇಕಿದ್ದದ್ದು ಇಷ್ಟೇ, ಎಲ್ಲರ ಹಾಗೆ ಒಂದು ಸಂಸಾರ.

ಮಗಳನ್ನು ಅತ್ತೆಯ ಬಳಿ ಬಿಟ್ಟು ನಾನು ಬರುವ ಹೊತ್ತಿಗೆ ಇವರು ಗೆಳೆಯರ ಜೊತೆಗಿದ್ದ ಕೋಣೆ ಬಿಟ್ಟು ಬೇರೆ ರೂಮು ಹಿಡಿದಿದ್ದರು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಏಸಿ ಮುಖಕ್ಕೇ ಬಿಸಿಗಾಳಿ ಊದುತ್ತಿತ್ತು. ಬಚ್ಚಲಿನ ಬಾಗಿಲು ಬಕೆಟ್ ಆನಿಸಿದರೆ ಮಾತ್ರ ಮುಚ್ಚುತ್ತಿತ್ತು. ಒಲೆ, ಮಂಚ, ಬಟ್ಟೆ ಒಣಹಾಕುವ ಹಗ್ಗ, ಎಲ್ಲ ನಾಲ್ಕು ಹೆಜ್ಜೆಯೊಳಗೆ. ಆದರೂ ನನಗೆ ಅರಮನೆಗೆ ಬಂದಷ್ಟು ಖುಷಿಯಾಯಿತು. ಇವರ ಒದ್ದೆ ಟವೆಲನ್ನು ಮಂಚದ ಮೇಲೆ ಕಂಡು ಬೈಯುವುದರಲ್ಲೂ ಒಂದು ಸುಖವಿತ್ತು.

ಶಾಲೆ ಶುರುವಾಗಲು ಮೂರು ದಿನವಿರುವಾಗ ಹೋದೆ. ಆರನೇ ತರಗತಿಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಹುಡುಗಿ ಕುರ್ಚಿ ಹತ್ತಿ ಗೋಡೆಗೆ ಚಾರ್ಟ್ ಅಂಟಿಸುತ್ತಿದ್ದಳು. ಅದು ನನ್ನ ಚಾರ್ಟು. ಭಿನ್ನರಾಶಿಗೆ ನಾನು ಆರಿಸಿದ್ದ ಹಳದಿ, ನೇರಳೆ ಬಣ್ಣಗಳೂ ಬದಲಾಗಿರಲಿಲ್ಲ.

ನಿರ್ದೇಶಕಿಯ ಮಾತು ಸಕ್ಕರೆಯಷ್ಟು ಸಿಹಿ; ನಾನು ಆಕೆಗೆ ಮೊದಲೇ ಸಕ್ಕರೆ ಮೇಡಂ ಎಂದು ಹೆಸರಿಟ್ಟಿದ್ದೆ. ಕೂರಿಸಿದಳು, ನೀರು ತರಿಸಿದಳು, ಪ್ರಯಾಣ ಹೇಗಾಯಿತು ಎಂದು ವಿಚಾರಿಸಿದಳು. ಆಮೇಲೆ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ನಿಮ್ಮ ಹುದ್ದೆ ಈಗ ಇಲ್ಲ ಎಂದಳು. ಹಾಗಾದರೆ ಆ ತರಗತಿಯಲ್ಲಿರುವವಳು ಯಾರು ಎಂದು ಕೇಳಿದೆ.

"ಅವಳಾ? ಗಂಡನ ವೀಸಾದಲ್ಲಿ ಇಲ್ಲೇ ಇದ್ದಾಳೆ, ನಿಮಗಾದ್ರೆ ಪ್ರವೇಶ ಪರವಾನಗಿ ಆದ್ಮೇಲೆ ವೀಸಾ ಖರ್ಚು ಬೇರೆ, ಅವಳಿಗೆ ಅದಿಲ್ಲ. ಅನುಭವ ಇಲ್ಲ, ನಿಜ. ಆದ್ರೆ ಪಾಠ ಎಲ್ಲ ರೆಡಿ ಇದೆಯಲ್ಲ, ಓದಿ ಹೇಳಿದ್ರೆ ಸಾಕು."

ಇದನ್ನು ಆಕೆ ನಾಚಿಕೆಯಿಂದಲೂ ಹೇಳಲಿಲ್ಲ, ಸೊಕ್ಕಿನಿಂದಲೂ ಹೇಳಲಿಲ್ಲ. ಅಂಗಡಿಯಲ್ಲಿ ಒಳ್ಳೆಯ ದರಕ್ಕೆ ಸಾಮಾನು ಸಿಕ್ಕವರ ಹಾಗೆ ಹೇಳಿದಳು.

ಅಲ್ಲಿಂದ ವೀಸಾ ಕಚೇರಿಗೆ ಓಡಿದೆ. ಗಾಜಿನ ಕಿಂಡಿಯ ಹಿಂದಿದ್ದ ಗುಮಾಸ್ತ ನನ್ನ ಮುಖ ನೋಡದೆಯೇ ವಿವರಿಸಿದ. ನಾನು ಒಳಬಂದ ಪರವಾನಗಿ ಆ ಶಾಲೆಯ ಹೆಸರಿನಲ್ಲಿದೆ. ಅವರು ಬಿಡುಗಡೆ ಪತ್ರ ಕೊಟ್ಟರೆ, ಅವಧಿ ಮುಗಿಯುವುದರೊಳಗೆ ಇನ್ನೊಂದು ಶಾಲೆ ನನ್ನನ್ನು ತೆಗೆದುಕೊಳ್ಳಬಹುದು. ಇಲ್ಲವಾದರೆ ದೇಶ ಬಿಡಬೇಕು, ಮತ್ತೆ ವರ್ಷಗಟ್ಟಲೆ ಅರ್ಜಿ ಹಾಕುವಂತಿಲ್ಲ. ತಪ್ಪು ಅವರದಲ್ಲವೇ ಎಂದು ಕೇಳಿದೆ. ಆತ ನನ್ನ ಹಿಂದಿದ್ದವರನ್ನು ಕರೆದ.

ಬಿಡುಗಡೆ ಪತ್ರ ಕೇಳಲು ಹೋದರೆ ಸಕ್ಕರೆ ಮೇಡಂ ಧಾರಾಳವಾಗಿ ಒಪ್ಪಿದಳು. ಒಂದೇ ಒಂದು ಉಪಕಾರ ಮಾಡಿಕೊಡಬೇಕಂತೆ: ಹುಡುಗಿಗೆ ಪಾಠಯೋಜನೆಯಲ್ಲಿ ಕೆಲವು ಕಡೆ ತಲೆಬುಡ ತಿಳಿಯುತ್ತಿಲ್ಲವಂತೆ, ಒಂದು ವಾರ ಜೊತೆಗೆ ಕೂತು ಹೇಳಿಕೊಡಬೇಕಂತೆ.

ಮುಖಕ್ಕೇ ಬಾಗಿಲು ಬಡಿದು ಬರಬೇಕು ಅನ್ನಿಸಿತು. ಆದರೆ ಕತ್ತು ಆಕೆಯ ಕೈಯಲ್ಲಿತ್ತು, ಒಪ್ಪಿದೆ. ಮನೆಯಲ್ಲಿ ಇವರು, ಹೇಗೋ ಒಂದು ವಾರ ಸಹಿಸಿಕೋ ಎಂದರು.

ಹುಡುಗಿ ಕೆಟ್ಟವಳೇನಲ್ಲ. ಅಕ್ಕ, ಅಕ್ಕ ಎಂದು ಬೆನ್ನು ಹತ್ತಿದಳು. ಬಿಸ್ಕತ್ತು ತಂದುಕೊಟ್ಟಳು. ನಿಮ್ಮ ಜಾಗಕ್ಕೆ ನಾನು ಬಂದೆ ಅಂತ ಬೇಜಾರಾ ಎಂದು ಕೇಳಿ ಕಣ್ಣು ಒರೆಸಿಕೊಂಡಳು. ಸುಳ್ಳುಪಳ್ಳು ಹೇಳಿಕೊಟ್ಟು ಇವಳನ್ನು ಮಕ್ಕಳ ಮುಂದೆ ಮಣ್ಣುಮುಕ್ಕಿಸಬೇಕು ಅಂದುಕೊಂಡೇ ಕೂತಿದ್ದೆ. ಆದರೆ ಕೈಯಲ್ಲಿ ಸೀಮೆಸುಣ್ಣ ಹಿಡಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ. ಬರೆದು ಕಳಿಸಲಾಗದೆ ಕೈಯಲ್ಲೇ ಉಳಿದಿದ್ದ ಪಾಠವೊಂದಿತ್ತು: ಕಾಗದದ ತ್ರಿಕೋನದ ಮೂರು ಮೂಲೆ ಹರಿದು, ಪಕ್ಕಪಕ್ಕ ಜೋಡಿಸಿ, ಅವು ಸರಳರೇಖೆಯಾಗುವುದನ್ನು ತೋರಿಸಿದೆ. ಎಂಥ ಚೂಪು ಮೂತಿಯ ಜಂಬಗಾರನಾದರೂ ಮೂರು ಮೂಲೆ ಕಿತ್ತರೆ ನೆಟ್ಟಗೆ ಮಲಗುತ್ತಾನೆ ಎಂದು ಮಕ್ಕಳಿಗೆ ಹೇಳುವ ಜೋಕನ್ನೂ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನನಗೂ ಖುಷಿಯಾಯಿತು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಬಿಡುಗಡೆ ಪತ್ರ ಸಿಕ್ಕಿತು. ಹತ್ತು ಕಡೆ ಅರ್ಜಿ ಹಾಕಿದೆ, ಒಂದೇ ಒಂದು ಶಾಲೆಯಿಂದ ಕರೆ ಬಂತು. ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಮುಖ್ಯೋಪಾಧ್ಯಾಯರ ಎದುರು ಮಾದರಿ ಪಾಠ ಮಾಡಬೇಕಿತ್ತು. ನನ್ನ ಕೈಯಲ್ಲಿ ಅತ್ಯುತ್ತಮವಾಗಿ ಪಳಗಿದ್ದನ್ನೇ ಆರಿಸಿಕೊಂಡೆ, ಆ ತ್ರಿಕೋನವನ್ನು. ಮೂಲೆ ಹರಿದೆ, ಜೋಡಿಸಿದೆ, ಜೋಕು ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಹೋದ ವಾರ ಊರಿನ ಶಾಲೆಗಳ ಸಭೆಯಲ್ಲಿ ಇದೇ ಪಾಠವನ್ನು, ಇದೇ ಜೋಕಿನೊಂದಿಗೆ, ಒಬ್ಬ ಹುಡುಗಿ ಮಾಡಿ ತೋರಿಸಿದ್ದಳಂತೆ. ತಮ್ಮ ಶಾಲೆಯ ಹೊಸ ಪದ್ಧತಿ ಎಂದು ಸಕ್ಕರೆ ಮೇಡಂ ಘೋಷಿಸಿದ್ದಳಂತೆ. ಅದು ನನ್ನದು ಸರ್, ಅವಳಿಗೆ ಹೇಳಿಕೊಟ್ಟಿದ್ದೇ ನಾನು ಎಂದೆ. ಅವರು ನ್ಯಾಯಸ್ಥರು, ಅಲ್ಲೇ ಆ ಶಾಲೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಅವರಾ? ಒಂದು ವಾರ ನಮ್ಮಲ್ಲಿ ಕಲಿಯೋಕೆ ಬಂದಿದ್ರು ಸರ್," ಎಂದಳು ಸಕ್ಕರೆ ಮೇಡಂ. "ನಮ್ಮ ಟೀಚರೇ ಹೇಳಿಕೊಟ್ಟಿದ್ದು. ಪಾಪ, ಕಷ್ಟದಲ್ಲಿದ್ದಾರೆ."

ನಾನು ಆ ಹುಡುಗಿಯನ್ನೇ ಕೇಳಿ ಎಂದೆ. ಫೋನು ಅವಳ ಕೈಗೆ ಹೋಯಿತು. ಅವಳ ಉಸಿರಾಟ ಕೇಳುತ್ತಿತ್ತು. ಅವಳು ಅಕ್ಕ ಅಂದಾಳು ಎಂದು ಕಾದೆ.

"ಹೌದು ಸರ್," ಎಂದಳು. "ನಾನೇ ಹೇಳಿಕೊಟ್ಟಿದ್ದು."

ಇನ್ನು ಮಾತು ಬೇಡ ಎಂದು ಮುಖ್ಯೋಪಾಧ್ಯಾಯರು ಮರ್ಯಾದೆಯಿಂದಲೇ ಬಾಗಿಲು ತೋರಿಸಿದರು. ಮಕ್ಕಳಿಗೆ ಪ್ರಾಮಾಣಿಕತೆ ಕಲಿಸುವವರು ನಾವು ಎಂದೂ ಹೇಳಿದರು.

ರೂಮಿಗೆ ಬಂದು ಇವರಿಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.  ಇವರ ಬಾಯಿಂದ ಆ ಹೆಂಗಸಿನ ಮೇಲೆ ಒಂದು ಬೈಗುಳವಾದರೂ ಬಂದೀತು ಎಂದು ನೋಡಿದೆ.

"ಬಿಡು," ಎಂದರು. "ಹಳೇ ರೂಮಲ್ಲಿ ಗೆಳೆಯರು ನನ್ನ ಮಂಚ ಇನ್ನೂ ಯಾರಿಗೂ ಕೊಟ್ಟಿಲ್ಲ. ಹಿಡಿದಿಡಿ ಅಂತ ಹೇಳಿದ್ದೀನಿ."

"ಯಾವಾಗ ಹೇಳಿದ್ರಿ?"

ಇವರು ಮಂಚದ ಮೇಲಿದ್ದ ಒದ್ದೆ ಟವೆಲನ್ನು ಎತ್ತಿಕೊಂಡರು. "ಬೆಳಗ್ಗೆ."

ಬೆಳಗ್ಗೆ ನಾನಿನ್ನೂ ಆ ಶಾಲೆಯ ಗೇಟನ್ನೂ ಮುಟ್ಟಿರಲಿಲ್ಲ. ಧೈರ್ಯವಾಗಿ ಮಾಡು, ಖಂಡಿತ ಆಗುತ್ತೆ ಎಂದು ಬಸ್ಸು ಹತ್ತಿಸಿದವರು ಇವರೇ. ಬಸ್ಸು ತಿರುವು ದಾಟುವುದರೊಳಗೆ ಫೋನ್ ಮಾಡಿ ಮಂಚ ಕಾದಿರಿಸಿದ್ದಾರೆ. ಸಕ್ಕರೆ ಮೇಡಂ ಮೇಲೆ ಬಾರದಷ್ಟು ಸಿಟ್ಟು ಇವರ ಮೇಲೆ ಬಂತು. ನನ್ನಿಂದ ಆಗಲ್ಲ ಅಂತ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ.

"ಹಾಗಲ್ಲ. ನೀನು ಬಂದಾಗಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಒಬ್ಬನೇ ಇದ್ದು ಇದ್ದು ಅಭ್ಯಾಸ ಆಗಿಹೋಗಿದೆ."

ಕೋಪದಿಂದ ಹೇಳಿದ್ದರೆ ಜಗಳವಾಡುತ್ತಿದ್ದೆ. ಒದ್ದೆ ಟವೆಲನ್ನು ಹಗ್ಗಕ್ಕೆ ಹಾಕುತ್ತ, ನನ್ನ ಮನಸ್ಸು ನೋಯದಿರಲಿ ಎಂದು ಮೆಲ್ಲಗೆ ಹೇಳಿದರು. ನಾನು ಕಪಾಟಿನ ಮೇಲಿನ ಸೂಟ್‌ಕೇಸಿಗೆ ಕೈ ಚಾಚಿದೆ. ನಿನಗೆ ಎಟುಕಲ್ಲ ಎಂದು ಇವರೇ ಬಂದು ಇಳಿಸಿಕೊಟ್ಟರು.