ಮುಕ್ತುಂಸಾಬ್ ಬಾಯಿಬಟ್ಟೆ ಇಳಿಸಿದ್ದು

1
ಎಲ್ಲಿಂದ ಶುರು ಮಾಡಲಿ? ಮಾತು ಕಡಿಮೆ ಮಾಡಿದವರ ಕಥೆಯನ್ನೂ ಮಾತಿನಿಂದಲೇ ಕಟ್ಟಬೇಕಲ್ಲ, ಅದೇ ಫಜೀತಿ. ‘ಶಿರಸಿಯಲ್ಲೊಬ್ಬ ಮಹಾಮೌನಿಯಿದ್ದ’ ಎಂದು ಬರೆದು ನೋಡಿದೆ. ಗುಹೆಯ ಸನ್ಯಾಸಿಯ ಹಾಗೆ ಕೇಳಿಸಿತು. ಮುಕ್ತುಂಸಾಬ್ ನದಾಫ್ ಹತ್ತಿ ತುಂಬಿ ಗಾದಿ, ಹಾಸಿಗೆ ಹೊಲಿಯುವವರು, ದಿನಾ ಗಿರಾಕಿಗಳ ಜೊತೆ ಚೌಕಾಸಿ ಮಾಡುವವರು. ಹರಿದು ಹಾಕಿದೆ. (ಡಿಲೀಟ್ ಮಾಡಿದೆ ಅನ್ನಬೇಕು. ಹರಿದೆ ಎಂದರೆ ಲೇಖಕನ ಗತ್ತು ಇರುತ್ತದೆ.)

2
ಹತ್ತಿ ಹಿಂಜುವ ಮಷಿನ್ ಶುರುವಾದರೆ ಧೂಳು ಏಳುತ್ತದೆ ಎಂದು ಅವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಯಾರಾದರೂ ಇನ್ನೊಬ್ಬರ ಮನೆಯ ಸುದ್ದಿ ತೆಗೆದರೆ, ಮಷಿನ್ ನಿಂತಿದ್ದರೂ ಆ ಬಟ್ಟೆ ಕೊರಳಿನಿಂದ ಮೇಲೇರುತ್ತದೆ. ಮದುವೆಯ ಗಾದಿ ಹೊಲಿಯುವವರಿಗೆ ಯಾವ ಸಂಬಂಧ ಕೂಡಿತು, ಯಾವುದು ಮುರಿಯಿತು ಎಲ್ಲ ಗೊತ್ತಿರುತ್ತದೆ. ಆದರೆ ಬೆನ್ನ ಹಿಂದೆ ಒಬ್ಬರನ್ನು ಆಡಿಕೊಳ್ಳುವುದು, ಆಡಿದ್ದು ನಿಜವೇ ಆದರೂ, ಗೀಬತ್, ಪಾಪ. ಮಸೀದಿಯಲ್ಲಿ ಶುಕ್ರವಾರದ ಬಯಾನಿನಲ್ಲಿ, ಅಂದರೆ ಪ್ರವಚನದಲ್ಲಿ, ಎಲ್ಲರೂ ಇದನ್ನು ಕೇಳಿ, ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮರೆಯುತ್ತಾರೆ. ಇವರು ಮರೆಯಲಿಲ್ಲ. ಅದಕ್ಕೇ ಇಡೀ ಓಣಿ ಅವರ ಹತ್ತಿರ ಮನೆಯ ಬೀಗದಕೈಯನ್ನೂ ಬಿಟ್ಟು ಹೋಗುತ್ತದೆ, ಗುಟ್ಟನ್ನೂ ಬಿಟ್ಟು ಹೋಗುತ್ತದೆ.

3
ನಿಶ್ಚಯಕ್ಕೆ ಮೊದಲು ಗಂಡಿನವರು ಹೆಣ್ಣಿನ ಮನೆ ಪಕ್ಕದ ಅಂಗಡಿಯಲ್ಲಿ ವಿಚಾರಿಸುವುದು ನಮ್ಮ ಕಡೆಯ ರೂಢಿ. ಮುಕ್ತುಂಸಾಬರ ಅಂಗಡಿ ಪಕ್ಕದಲ್ಲಿ ಪಾರ್ವತವ್ವನ ಮನೆ. ಮಗಳು ಪರಿಮಳಾಗೆ ಹಿಂದೊಮ್ಮೆ ನಿಶ್ಚಯವಾಗಿ ಮುರಿದಿತ್ತು. ಈಗ ಯಲ್ಲಾಪುರದ ಸಂಬಂಧ ಬಂದಿತ್ತು. ಹುಡುಗನ ಜೊತೆ ಫೋನಿನಲ್ಲಿ ಮಾತಾಡುವಾಗ ಅವಳು ನಗುವುದು ಗೋಡೆಯಾಚೆ ಕೇಳುತ್ತಿತ್ತು.

ಹುಡುಗನ ಚಿಕ್ಕಪ್ಪ ಶಂಭುಲಿಂಗಪ್ಪ ಬಂದರು. ಗಾದಿ ಒತ್ತಿ ನೋಡಿದರು, ಹತ್ತಿಯ ರೇಟು ಕೇಳಿದರು, ಆಮೇಲೆ ಮೆಲ್ಲಗೆ, ಆ ಮೊದಲಿನ ಸಂಬಂಧ ಯಾಕೆ ಮುರಿಯಿತು ಎಂದರು.

ಬಟ್ಟೆ ಮೇಲೇರಿತು.

ಓಣಿಯವರಾಗಿದ್ದರೆ ಅದು ಸಾಬರ ಅಭ್ಯಾಸ ಎಂದು ಬಿಡುತ್ತಿದ್ದರು. ಶಂಭುಲಿಂಗಪ್ಪ ಪರಸ್ಥಳದವರು. ಬಾಯಿಬಿಟ್ಟು ಹೇಳಲಾಗದಂಥದ್ದೇನೋ ಹುಡುಗಿಯಲ್ಲಿದೆ ಎಂದುಕೊಂಡು ಬಸ್ಸು ಹತ್ತಿದರು. ಫೋನು ಬರುವುದು ನಿಂತಿತು. ಗೋಡೆಯಾಚೆಯ ನಗುವೂ.

4
(ಮೊದಲಿನ ಹುಡುಗ ಮಾಡಿದ್ದೇನು ಎಂದು ಇಲ್ಲೊಂದು ಪ್ಯಾರಾ ಬರೆದಿದ್ದೆ. ಮಸಾಲೆ ಚೆನ್ನಾಗಿಯೇ ಬಿದ್ದಿತ್ತು. ಮುಕ್ತುಂಸಾಬ್ ಕಥೆಯೊಳಗಿಂದಲೇ ನನ್ನನ್ನು ದಿಟ್ಟಿಸಿದರು.

“ಅವಂಗೀಗ ಮದುವಿ ಆಗೈತ್ರಿ. ಸುಧಾರಿಸ್ಯಾನ. ಅವನ ಹೆಂಡ್ತಿ ಓದಿದ್ರ?”

“ಕಥೆ ಓದೋರೇ ಕಡಿಮೆ ಸಾಬ್ರೇ.”

ಬಟ್ಟೆ ಮೇಲೇರಿತು. ಪ್ಯಾರಾ ಹೋಯಿತು. ತಪ್ಪು ಅವನದು, ಬೇಡ ಅಂದವಳು ಪರಿಮಳಾ. ನಿಮಗೆ ಅಷ್ಟು ಸಾಕು.)

5
ಯಲ್ಲಾಪುರದವರು ಹಿಂದೆಗೆದದ್ದು ಯಾಕೆಂದು ತಿಳಿದು ಪಾರ್ವತವ್ವ ಅಂಗಡಿಗೆ ಬಂದಳು. ಕೂಗಾಡಲಿಲ್ಲ.

“ಸಾಬಣ್ಣ, ಮಂದಿ ಬಾಯಿ ಬಿಟ್ಟು ಸಂಬಂಧ ಮುರೀತಾರ. ನೀ ಬಾಯಿ ಮುಚ್ಚಿ ಮುರದಿ.”

ಅವಳು ಹೋದ ಮೇಲೆ ಅವರು ಮಷಿನ್ ಬಂದ್ ಮಾಡಿ ಕೂತರು. ಸುಮ್ಮನಿರು ಎಂದಷ್ಟೇ ಪ್ರವಾದಿಯವರು ಹೇಳಿರಲಿಲ್ಲ. ಒಳ್ಳೆಯದಿದ್ದರೆ ಆಡಬೇಕು, ಇಲ್ಲವಾದರೆ ಸುಮ್ಮನಿರಬೇಕು. ಮೊದಲು ಬರುವುದು ಆಡುವ ಮಾತೇ. ತಾವು ಅದರ ಹಿಂದಿನ ಅರ್ಧವನ್ನಷ್ಟೇ ಹಿಡಿದುಕೊಂಡಿದ್ದರು.

6
ಮುಕ್ತುಂಸಾಬ್ ಯಲ್ಲಾಪುರದ ಬಸ್ಸು ಹತ್ತಿದರು. ಅಲ್ಲಿ ಹುಡುಗನ ಮನೆಯ ಜಗಲಿಯಲ್ಲಿ ಅವರಿಂದ ಒಂದು ಪುಟದ ಭಾಷಣ ಮಾಡಿಸಿದ್ದೆ. “ಇಷ್ಟೆಲ್ಲಾ ನಾ ಯಾವಾಗ ಆಡೀನ್ರಿ?” ಎಂದು ಅವರೇ ತೆಗೆಸಿದರು. ನಿಜವಾಗಿ ನಡೆದದ್ದು ಇಷ್ಟು. ಅಂಗಡಿಯಿಂದ ಹೊರಡುವ ಗಡಿಬಿಡಿಯಲ್ಲಿ ಬಿಚ್ಚಲು ಮರೆತ ಬಟ್ಟೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖದ ಮೇಲೇ ಇತ್ತು. ಶಂಭುಲಿಂಗಪ್ಪನವರೆದುರು ಅದನ್ನು ಕೆಳಗಿಳಿಸಿದರು.

“ಹುಡುಗಿ ನನ್ನ ಕಣ್ಣೆದುರಿಗೆ ಬೆಳೆದಾಳ್ರಿ. ಆ ಸಂಬಂಧ ಬ್ಯಾಡ ಅಂದಾಕಿ ಆಕಿನ. ಆಕಿ ಅಂದದ್ದು ಬರೋಬ್ಬರಿ ಇತ್ತು.”

“ಹಂಗಾದ್ರ ಆ ಹುಡುಗ...”

ಬಟ್ಟೆ ಮೇಲೇರಿತು. ಚಹಾ ಬಂದಾಗ ಮಾತ್ರ ಮತ್ತೆ ಇಳಿಯಿತು.

ಇಷ್ಟು ಅಳೆದು ಆಡುವವರ ಮಾತಿಗೆ ತೂಕವಿರುತ್ತದೆ. ಮರುದಿನವೇ ಯಲ್ಲಾಪುರದಿಂದ ಪಾರ್ವತವ್ವನಿಗೆ ಫೋನು: ತಪ್ಪು ತಿಳಿದಿದ್ದೆವು, ನಿಮ್ಮ ಹುಡುಗಿ ಹೂಂ ಅಂದರೆ ಮುಂದುವರಿಸೋಣ.

7
ಈಗ ಮುಕ್ತಾಯ. ಒಂದು: ಮದುವೆಯಾಗುತ್ತದೆ, ಗಾದಿ ಮುಕ್ತುಂಸಾಬರದೇ ಉಡುಗೊರೆ. ಇನ್ನೊಂದು: ಒಂದು ಬಟ್ಟೆ ಚೂರು ನೋಡಿ ಅನುಮಾನಪಟ್ಟವರ ಮನೆ ನನಗೆ ಬೇಡ ಎನ್ನುತ್ತಾಳೆ ಪರಿಮಳಾ. ಯಾವುದಿಡಲಿ ಎಂದು ಕೇಳಲು ಅಂಗಡಿಗೆ ಹೋದರೆ ಅವಳೇ ಅಲ್ಲಿ ಕೂತಿದ್ದಳು.

“ಕಾಕಾ, ನಾ ಏನ್ ಹೇಳ್ಲಿ ಅವ್ರಿಗೆ?”

“ಅದು ನಿನ್ನ ಮಾತವ್ವ. ನೀನ ಆಡಬೇಕು.”

ಅವಳು ಯೋಚಿಸುತ್ತ ಕೂತಳು. ನಾನು ಕುತೂಹಲ ತಡೆಯಲಾರದೆ ಬಾಯಿ ತೆರೆದೆ. ಮುಕ್ತುಂಸಾಬ್ ಒಗೆದು ಮಡಚಿಟ್ಟ ಬಟ್ಟೆಯೊಂದನ್ನು ನನ್ನತ್ತ ಚಾಚಿದರು.

“ಮಷಿನ್ ಚಾಲೂ ಮಾಡ್ತೀನ್ರಿ. ಧೂಳು ಬರ್ತೈತಿ, ಕಟ್ಟಿಕೊಳ್ರಿ.”

ಕಟ್ಟಿಕೊಂಡೆ.